ಗೋಡೆಯ ಮೇಲಿನ ಅನ್ನ

ಅವರ ಸೊಂಟದಲ್ಲಿ ಸದಾ ಒಂದು ಅಳತೆ ಟೇಪು ತೂಗುತ್ತಿತ್ತು. ನಮ್ಮ ಕಡೆ ಮನೆಯ ಹಿರಿಸೊಸೆ ಬೀಗದಕೈ ಗೊಂಚಲು ಸಿಕ್ಕಿಸಿಕೊಳ್ಳುತ್ತಾಳಲ್ಲ, ಹಾಗೆ. ಹಳದಿ ಬಣ್ಣದ್ದು, ಹಿಡಿಯಷ್ಟು ದಪ್ಪ. ಅವರು ನಡೆದರೆ ಅದು ಪ್ಯಾಂಟಿನ ಗುಂಡಿಗೆ ತಾಗಿ ಟಿಕ್, ಟಿಕ್ ಎನ್ನುತ್ತಿತ್ತು. ಬೆಳಿಗ್ಗೆ ಏಳೂವರೆಗೆ ಬೀದಿಯ ತುದಿಯಲ್ಲಿ ಆ ಸದ್ದು ಕೇಳಿದರೆ ಸಾಕು, ನಮ್ಮ ಮನೆಯಲ್ಲಿ ಒಬ್ಬರು ಗ್ಯಾರೇಜಿನ ಬಾಗಿಲು ಮುಚ್ಚಲು ಓಡುತ್ತಿದ್ದರು, ಇನ್ನೊಬ್ಬರು ಕಸದ ಡಬ್ಬಿ ಒಳಗೆಳೆಯಲು ಓಡುತ್ತಿದ್ದರು. ಮಕ್ಕಳೇ, ನೀವು ಅವರಿಗೆ ರೂಲ್ಸ್ ಆಂಟಿ ಎಂದು ಹೆಸರಿಟ್ಟಿದ್ದಿರಿ. ಊಟದ ಮೇಜಿನ ಮೇಲೆ ಸೌತೆಕಾಯಿಯನ್ನು ಸ್ಕೇಲಿನಿಂದ ಅಳೆದು, ಹುಬ್ಬು ಗಂಟು ಹಾಕಿ, ಅವರಂತೆಯೇ ತಲೆಯಾಡಿಸಿ ತೋರಿಸುತ್ತಿದ್ದಿರಿ. ನಾನೂ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದೆ. ಹಾಗೆ ನಗುವ ಹಕ್ಕು ಆ ಮೇಜಿನ ಸುತ್ತ ಕುಳಿತವರಲ್ಲಿ ನನಗೊಬ್ಬಳಿಗೆ ಇರಲಿಲ್ಲ.

ಪ್ರತಿ ವರ್ಷ ಅಜ್ಜಿ ಡಬ್ಬಿಯಲ್ಲಿ ಅನ್ನ ಕಟ್ಟಿಕೊಂಡು ಅಷ್ಟು ದೂರದ ಡುವಾಲ್‌ಗೆ ಯಾಕೆ ಹೋಗುತ್ತಾಳೆ ಎಂದು ನೀವು ಕೇಳುತ್ತೀರಿ. ಬಾಯಲ್ಲಿ ಹೇಳಲು ನನಗೆ ಬರುವುದಿಲ್ಲ. ಬರೆದಿಡುತ್ತೇನೆ. ನಿಮ್ಮಮ್ಮ ಓದಿ ಹೇಳಲಿ.

ನಿಮ್ಮ ತಾತ ತೀರಿಹೋದ ವರ್ಷವೇ ನಾನು ಅಮೆರಿಕದ ನ್ಯೂಕ್ಯಾಸಲ್‌ನ ಈ ಮನೆಗೆ ಬಂದದ್ದು. ಏಳನೇ ತರಗತಿ ಓದಿದವಳು ನಾನು, ಅದೂ ಹಳ್ಳಿಯ ಸ್ಕೂಲಿನಲ್ಲಿ. ಇಂಗ್ಲಿಷಿನ ಒಂದೊಂದು ಮಾತು ತಿಳಿಯುತ್ತಿತ್ತು, ಆಡಲು ಬರುತ್ತಿರಲಿಲ್ಲ. ಕನ್ನಡದಲ್ಲೂ ಹೊಸಬರ ಮುಂದೆ ಬಾಯಿ ಬಿಡುವವಳಲ್ಲ. ಬಂದ ನಾಲ್ಕನೆಯ ದಿನ ಬಿಸಿಲು ಬಿತ್ತು. ಒಗೆದ ಸೀರೆಯನ್ನು ಮನೆಯ ಮುಂದಿನ ಕಟಾಂಜನದ ಮೇಲೆ ಹರಡಿ ನಿಂತಿದ್ದೆ.

“ಇದು ಕೊಳ್ಳೇಗಾಲದ ಸೀರೆ ಅಲ್ವಾ?” ಎಂದು ಕೆಳಗಿನಿಂದ ಕನ್ನಡ ಕೇಳಿತು.

ನೋಡಿದರೆ ಕುತ್ತಿಗೆಯವರೆಗೆ ಕತ್ತರಿಸಿದ ಬಿಳಿಯ ಕೂದಲು, ಕಿತ್ತಳೆ ಬಣ್ಣದ ತೋಳಿಲ್ಲದ ಕೋಟು, ಹಣೆಯಲ್ಲಿ ಸಾಸಿವೆಯಷ್ಟು ಕುಂಕುಮ, ಸೊಂಟದಲ್ಲಿ ಟೇಪು. ನಾನು ಹೌದೆಂದು ತಲೆಯಾಡಿಸಿದೆ.

“ಚೆನ್ನಾಗಿದೆ. ಆದ್ರೆ ಇಲ್ಲಿ ಒಣಗಹಾಕೋ ಹಾಗಿಲ್ಲ ಅಕ್ಕ. ರೋಡಿಗೆ ಕಾಣೋ ಹಾಗೆ ಬಟ್ಟೆ ಇರಬಾರ್ದು ಅಂತ ಅಸೋಸಿಯೇಷನ್ ರೂಲ್ ಇದೆ.”

ನನಗೆ ಎಷ್ಟು ನಾಚಿಕೆಯಾಯಿತೆಂದರೆ ಒದ್ದೆ ಸೀರೆಯನ್ನು ಎದೆಗೆ ಅವುಚಿಕೊಂಡು ಒಳಗೆ ಓಡಿದೆ. ಅದಾದ ಮೂರನೆಯ ದಿನ ಅವರು ಮತ್ತೆ ಬಂದರು. ಕಂಕುಳಲ್ಲಿ ಮಡಿಸಿದ ಬಟ್ಟೆ ಸ್ಟ್ಯಾಂಡು. ಹಿತ್ತಿಲಿಗೆ ಹೋಗಿ ಬೇಲಿಗೆ ಟೇಪು ಹಿಡಿದರು, ಸ್ಟ್ಯಾಂಡಿಗೂ ಹಿಡಿದರು. “ಬೇಲಿ ಆರಡಿ, ಇದು ನಾಲ್ಕೂವರೆ. ಇನ್ನು ನಿಮ್ ಸೀರೆ ನಂಗೂ ಕಾಣಲ್ಲ, ರೂಲಿಗೂ ಕಾಣಲ್ಲ” ಎಂದು ನಕ್ಕರು. ಆ ಸ್ಟ್ಯಾಂಡಿನ ಮೇಲೆಯೇ ಇವತ್ತಿಗೂ ನಿಮ್ಮ ಈಜುವ ಬಟ್ಟೆ ಒಣಗುವುದು.

ಮೈಸೂರಿನವರು. ಓದಲೆಂದು ಬಂದವರು ಇಲ್ಲೇ ಉಳಿದು, ಪಕ್ಕದ ಊರು ಫ್ಯಾಕ್ಟೋರಿಯಾದ ಒಂದು ಆಫೀಸಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ನನಗಿಂತ ಐದಾರು ವರ್ಷ ಚಿಕ್ಕವರು. ನನ್ನನ್ನು ಅಕ್ಕ ಎನ್ನುತ್ತಿದ್ದರು, ನಾನು ಅವರನ್ನು ಮೇಡಮ್ ಎನ್ನುತ್ತಿದ್ದೆ. “ನಾನು ಅಕ್ಕ ಅಂದ್ರೆ ನೀವು ಮೇಡಮ್ ಅಂತೀರಲ್ಲ, ಇದ್ಯಾವ ನ್ಯಾಯ?” ಎಂದು ಎಷ್ಟೋ ಸಲ ಕೇಳಿದರು. ನನ್ನ ಬಾಯಿ ತಿರುಗಲಿಲ್ಲ.

ನಮ್ಮ ಬಡಾವಣೆಯ ಎಂಬತ್ತು ಚಿಲ್ಲರೆ ಮನೆಗಳಿಗೆ ಒಂದು ಅಸೋಸಿಯೇಷನ್. ಅದಕ್ಕೆ ಒಂದು ನಿಯಮದ ಪುಸ್ತಕ, ಒಂದು ಸಮಿತಿ. ಸಮಿತಿಯ ಅಧ್ಯಕ್ಷೆ ಅವರು. ಸಂಬಳವಿಲ್ಲದ ಕೆಲಸ. ಹುಲ್ಲು ಇಷ್ಟು ಬೆಳೆಯಬಾರದು, ಬಾಗಿಲಿಗೆ ಪಟ್ಟಿಯಲ್ಲಿರುವ ಬಣ್ಣವೇ ಹಚ್ಚಬೇಕು, ಕಸದ ಡಬ್ಬಿ ಸಂಜೆಯೊಳಗೆ ಒಳಗೆ ಹೋಗಬೇಕು. ನಮ್ಮ ಮನೆಯಲ್ಲಿ ಇದರ ಮೇಲೆ ಜಗಳ ನಿಂತದ್ದೇ ಇಲ್ಲ.

“ನನ್ ಮನೆ ಬಾಗಿಲಿಗೆ ಬಣ್ಣ ಹೊಡೆಯೋಕೆ ಇವರ ಪರ್ಮಿಷನ್ ಯಾಕೆ?” ಎಂದು ನಿಮ್ಮಪ್ಪ.

“ಆಚೆ ರೋಡಲ್ಲಿ ಅಸೋಸಿಯೇಷನ್ ಇಲ್ಲ, ನೋಡ್ಕೊಂಡು ಬನ್ನಿ. ಮುರಿದ ಬೋಟು ನಾಲ್ಕು ವರ್ಷದಿಂದ ಮನೆ ಮುಂದೆ ಬಿದ್ದಿದೆ. ಅದು ಬೇಕಾ?” ಎಂದು ನಿಮ್ಮಮ್ಮ.

“ಬೋಟಾದ್ರೆ ನನ್ನದೇ ಬೋಟಲ್ವಾ.”

“ಬೋಟು ನಿಮ್ಮದು, ನೋಡೋ ಕಣ್ಣು ಪಕ್ಕದ ಮನೆಯವರದು.”

ನನಗೆ ಇದೆಲ್ಲ ಹೊಸದೆನಿಸಿರಲಿಲ್ಲ. ನಮ್ಮೂರಿನಲ್ಲೂ ಅಸೋಸಿಯೇಷನ್ ಇತ್ತು, ಪುಸ್ತಕ ಇರಲಿಲ್ಲ ಅಷ್ಟೇ. ಗಂಡ ಸತ್ತವಳು ಹೂ ಮುಡಿಯಬಾರದು, ಶುಭಕಾರ್ಯಕ್ಕೆ ಹೊರಟವರ ಎದುರು ಬರಬಾರದು, ಜಗಲಿಯ ಮೇಲೆ ಜೋರಾಗಿ ನಗಬಾರದು. ಯಾರೂ ಬರೆದಿಟ್ಟಿರಲಿಲ್ಲವಾದ್ದರಿಂದ ಯಾರನ್ನೂ ಕೇಳುವಂತಿರಲಿಲ್ಲ. ಒಮ್ಮೆ ಅವರ ಮನೆಯಲ್ಲಿ ಕಾಫಿ ಕುಡಿಯುವಾಗ, ಹೇಗೋ ಏನೋ, ಇದನ್ನು ಹೇಳಿಬಿಟ್ಟೆ. ಅವರು ಎದ್ದುಹೋಗಿ ಆ ದಪ್ಪ ಪುಸ್ತಕ ತಂದು ನನ್ನ ಮುಂದಿಟ್ಟರು.

“ಪೂರ್ತಿ ಓದಿದೀನಿ ಅಕ್ಕ, ಅರ್ಧ ನಾನೇ ತಿದ್ದಿದೀನಿ. ಬೇಲಿ ಬಗ್ಗೆ ಇದೆ, ನಾಯಿ ಬಗ್ಗೆ ಇದೆ, ಕ್ರಿಸ್‌ಮಸ್ ದೀಪ ಯಾವಾಗ ಇಳಿಸ್ಬೇಕು ಅಂತಾನೂ ಇದೆ. ನೀವು ಹೂ ಮುಡೀಬಾರ್ದು ಅಂತ ಎಲ್ಲೂ ಇಲ್ಲ.”

ಆಮೇಲೆ ಹಿತ್ತಿಲಿನ ಬಳ್ಳಿಯಿಂದ ನಾಲ್ಕು ಹೂ ಕಿತ್ತು ತಂದುಕೊಟ್ಟರು. ಇಲ್ಲಿನ ಮಲ್ಲಿಗೆ, ನಮ್ಮ ಮಲ್ಲಿಗೆಯಷ್ಟು ಘಮವಿಲ್ಲ. ಅದನ್ನು ಮುಡಿದುಕೊಂಡು ನಾಲ್ಕು ಮನೆ ದಾಟಿ ನಡೆದು ಬಂದೆ. ಯಾರೂ ನೋಡಲಿಲ್ಲ. ನೋಡಿದವರೂ ಗುಡ್ ಆಫ್ಟರ್‌ನೂನ್ ಎಂದರು. ಆ ದಿನ ನನಗೆ ಆದದ್ದನ್ನು ನಿಮಗೆ ತಿಳಿಸುವಷ್ಟು ಬರೆಯಲು ನನಗೆ ಬರುವುದಿಲ್ಲ.

ಅವರದ್ದೊಂದು ಪದ್ಧತಿ ಇತ್ತು. ಯಾರ ಮನೆಗೂ ಮೊದಲು ನೋಟಿಸ್ ಕಳಿಸುತ್ತಿರಲಿಲ್ಲ. ತಾವೇ ಹೋಗಿ ಗಂಟೆ ಒತ್ತಿ, ಎದುರು ನಿಂತು ಹೇಳುತ್ತಿದ್ದರು. ಹತ್ತು ದಿನ ಕಾಯುತ್ತಿದ್ದರು. ಆಮೇಲೂ ಆಗದಿದ್ದರೆ ಕಾಗದ. “ಹೇಳೋದನ್ನ ಮುಖ ನೋಡಿ ಹೇಳ್ಬಿಡ್ಬೇಕು ಅಕ್ಕ. ಮನಸ್ಸಲ್ಲಿ ಇಟ್ಕೊಂಡ್ರೆ ದೋಸೆ ಹಿಟ್ಟಿನ ಹಾಗೆ, ಉಕ್ಕಿ ಪಾತ್ರೆಯಿಂದಾಚೆ ಬರುತ್ತೆ, ಹುಳಿ ಬೇರೆ.” ಹೀಗೆ ಎದುರು ನಿಂತು ಹೇಳಿದ್ದರಿಂದಲೇ ಅವರಿಗೆ ವಿರೋಧಿಗಳು ಜಾಸ್ತಿ. ಕಾಗದದ ಮೇಲೆ ಯಾರಿಗೂ ಅಷ್ಟು ಸಿಟ್ಟು ಬರುವುದಿಲ್ಲ.

ಒಂದು ವರ್ಷ ಬೀಸಿದ ಬಿರುಗಾಳಿ ನಿಮಗೆ ನೆನಪಿರಬೇಕು. ಮೂರು ದಿನ ಕರೆಂಟು ಇರಲಿಲ್ಲ, ದಾರಿಗೆ ಮರ ಅಡ್ಡ ಬಿದ್ದಿತ್ತು. ಬೆಳಕು ಹರಿಯುವ ಮೊದಲೇ ಟಿಕ್ ಟಿಕ್ ಕೇಳಿತು. ಅವರ ಕೈಯಲ್ಲಿ ಪಟ್ಟಿ: ಯಾವ ಮನೆಯಲ್ಲಿ ಮುದುಕರಿದ್ದಾರೆ, ಯಾವ ಮನೆಯಲ್ಲಿ ಎಳೆಮಗು ಇದೆ, ಯಾರು ಆಮ್ಲಜನಕದ ಯಂತ್ರದ ಮೇಲೆ ಇದ್ದಾರೆ. ಮಧ್ಯಾಹ್ನದೊಳಗೆ ಅಸೋಸಿಯೇಷನ್ ಕಡೆಯ ಜನ ಗರಗಸ ತಂದು ಮರ ಕತ್ತರಿಸಿದರು. ನಮ್ಮನ್ನೂ ಇನ್ನೆರಡು ಮನೆಯವರನ್ನೂ ಅವರು ತಮ್ಮ ಗ್ಯಾಸ್ ಒಲೆಯ ಮುಂದೆ ಕೂರಿಸಿಕೊಂಡು ಉಪ್ಪಿಟ್ಟು ಮಾಡಿ ಬಡಿಸಿದರು. ಬಾಗಿಲ ಬಣ್ಣಕ್ಕೆ ಜಗಳವಾಡಿದ್ದ ನಿಮ್ಮಪ್ಪ ಎರಡು ಸಲ ಹಾಕಿಸಿಕೊಂಡು ತಿಂದ.

ಇಷ್ಟು ಮಾಡಿದವರಿಗೆ ನಾನು ಮಾಡಿದ್ದು ಏನೆಂದು ಈಗ ಬರೆಯಬೇಕು.

ನಮ್ಮ ಕಡೆ ಸತ್ತವರಿಗೆ ಎಡೆ ಇಟ್ಟಾಗ ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಹೋದವರು ಉಂಡರು ಎಂದರ್ಥ. ಮುಟ್ಟದಿದ್ದರೆ ಅವರ ಮನಸ್ಸಿನಲ್ಲಿ ಏನೋ ಉಳಿದಿದೆ. ಆಗ ಮನೆಯವರು ಒಬ್ಬೊಬ್ಬರಾಗಿ ಎಡೆಯ ಮುಂದೆ ನಿಂತು ಗಟ್ಟಿಯಾಗಿ ಮಾತು ಕೊಡಬೇಕು. ನಿಮ್ಮ ತಾತನ ಎಡೆಯನ್ನು ಕಾಗೆ ಬಹಳ ಹೊತ್ತು ಮುಟ್ಟಲಿಲ್ಲ. ಕೊನೆಗೆ ನಾನು ಯಾರಿಗೂ ಕೇಳದಂತೆ, “ದಿನಾ ನಿಮಗೆ ಇಟ್ಟೇ ನಾನು ಉಣ್ತೀನಿ” ಎಂದೆ. ಕಾಗೆ ಇಳಿಯಿತು. ಅಂದಿನಿಂದ ಊಟಕ್ಕೆ ಮೊದಲು ಒಂದು ಉಂಡೆ ಅನ್ನ, ಮೇಲೆ ಚಿಟಿಕೆ ಎಳ್ಳು, ಮೂರು ಬೆರಳಿನಿಂದ ಒತ್ತಿ ಕಾಗೆಗೆ ಇಡುತ್ತಿದ್ದೆ. ಇಲ್ಲಿ ಬಂದಾಗ ಊರಿಗಿಂತ ಹೆಚ್ಚು ಕಾಗೆಗಳನ್ನು ನೋಡಿ ನನಗೆ ಧೈರ್ಯ ಬಂದಿತ್ತು. ಹಿತ್ತಿಲ ಬೇಲಿಯ ಕಂಬದ ಮೇಲೆ ಇಡುತ್ತಿದ್ದೆ.

ಒಂದು ದಿನ ಅವರು ಬಂದು ಗಂಟೆ ಒತ್ತಿದರು.

“ಅಕ್ಕ, ಕಾಗೆಗೆ ಅನ್ನ ಹಾಕ್ತಿದೀರಾ?”

ನಾನು ಹೌದೆಂದು ತಲೆಯಾಡಿಸಿದೆ.

“ಹೊರಗೆ ತಿನ್ನೋದಿಡಬಾರ್ದು ಅಂತ ರೂಲ್. ಕಾಗೆ ಬಿಟ್ಟಿದ್ದಕ್ಕೆ ಇಲಿ ಬರುತ್ತೆ. ಇಲಿ ಹಿಂದೆ ಇನ್ನೊಂದು. ಹೋದ್ ಸಲ ಬೆಟ್ಟದಿಂದ ಕರಡೀನೇ ಬಂದಿತ್ತು, ಸುಮ್ನೆ ಹೇಳ್ತಿಲ್ಲ.”

“ನಮ್ಮ ಮನೆಯವರಿಗೆ ಇಡೋದು ಮೇಡಮ್” ಎಂದೆ.

ಅವರಿಗೆ ಅರ್ಥವಾಯಿತು. ಸ್ವಲ್ಪ ಹೊತ್ತು ಟೇಪನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ಮಾಡಿದರು. “ವರ್ಷದ ತಿಥಿ ದಿನ ಇಡಿ. ಅವತ್ತು ನಾನು ಈ ಬೀದಿಗೆ ಬರಲ್ಲ. ಇಷ್ಟು ಮಾಡಬಲ್ಲೆ. ದಿನಾ ಬೇಡ ಅಕ್ಕ, ದಯವಿಟ್ಟು.”

“ಇಲ್ಲ ಮೇಡಮ್, ಇನ್ನು ಇಡಲ್ಲ” ಎಂದು ಒಪ್ಪಿಕೊಂಡೆ.

ಎರಡು ದಿನ ಇಡಲಿಲ್ಲ. ಮೂರನೆಯ ದಿನ ತಟ್ಟೆಯ ಮುಂದೆ ಕುಳಿತವಳು ಮುಟ್ಟದೆ ಎದ್ದೆ. ಆ ಕಡೆ ಗಂಡನಿಗೆ ಕೊಟ್ಟ ಮಾತು, ಈ ಕಡೆ ಮೇಡಮ್ಮಿಗೆ ಕೊಟ್ಟ ಮಾತು. ಸತ್ತವರ ಮಾತನ್ನು ಮೀರಲು ಹೆದರಿದೆ, ಬದುಕಿದ್ದವರ ಮಾತನ್ನು ಮೀರಿದೆ. ಹನ್ನೊಂದು ಗಂಟೆಗೆ ವಾಕಿಂಗ್ ಎಂದು ಹೇಳಿ, ಸಣ್ಣ ಸ್ಟೀಲ್ ಡಬ್ಬಿಯನ್ನು ಸ್ವೆಟರಿನ ಜೇಬಿನಲ್ಲಿಟ್ಟುಕೊಂಡು ಹೊರಡುತ್ತಿದ್ದೆ. ಬೀದಿ ಮುಗಿದು ಕಾಡು ಶುರುವಾಗುವಲ್ಲಿ ಅವರ ಮನೆ. ಅವರ ಹಿತ್ತಿಲಿಗೆ ಮೊಣಕಾಲೆತ್ತರದ ಕಲ್ಲುಗೋಡೆ, ಅದರಾಚೆ ಕಾಲುದಾರಿ. ಆ ಗೋಡೆಯ ಮೇಲೆ ಉಂಡೆ ಇಡುತ್ತಿದ್ದೆ.

ಕಾಡಿನಲ್ಲೇ ಇಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಎಡೆಯನ್ನು ಕೆಳಗೆ ಕೊಳೆತ ಎಲೆಯ ಮೇಲೆ ಇಡಲು ಮನಸ್ಸಾಗಲಿಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣವನ್ನು ಮುಚ್ಚಿಡುವುದಿಲ್ಲ. ಎಲ್ಲರ ಮನೆ ಅಳೆಯುವವರ ಮನೆಯನ್ನು ಯಾರು ಅಳೆಯುತ್ತಾರೆ, ಅಲ್ಲಿಟ್ಟರೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ನಾನು ಲೆಕ್ಕ ಹಾಕಿದ್ದೆ. ಏನೂ ತಿಳಿಯದ ಹಳ್ಳಿ ಮುದುಕಿ ಎಂದು ಎಲ್ಲರೂ ಅಂದುಕೊಂಡಿದ್ದ ನನಗೆ ಅಷ್ಟು ಬುದ್ಧಿ ಇತ್ತು.

ವಸಂತದಿಂದ ಶರತ್ಕಾಲದವರೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಅವರ ಪಕ್ಕದ ಮನೆಯಲ್ಲಿ ಇಲಿ ಸೇರಿತು. ಮೊದಲು ನೆಲದಡಿ, ಆಮೇಲೆ ಗ್ಯಾರೇಜು, ಕೊನೆಗೆ ಕಾರಿನ ವೈರು ಕಡಿದವು. ಆ ಮನೆಯ ಯಜಮಾನನಿಗೆ ಮೇಡಮ್ ತನ್ನ ಬ್ಯಾಸ್ಕೆಟ್‌ಬಾಲ್ ಕಂಬ ತೆಗೆಸಿದ ಸಿಟ್ಟು ಮೊದಲೇ ಇತ್ತು. ಅವನು ಗೋಡೆಯ ಫೋಟೋ ತೆಗೆದ. ಸಮಿತಿಯ ಉಳಿದವರು ಮೇಡಮ್ಮಿಗೆ ನೋಟಿಸ್ ಕಳಿಸಿದರು, ಅಂಚೆಯಲ್ಲಿ. ಯಾರೂ ಗಂಟೆ ಒತ್ತಿ ಎದುರು ನಿಂತು ಕೇಳಲಿಲ್ಲ. ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ವಾರ್ಷಿಕ ಸಭೆಯಲ್ಲಿ.

ಸಭೆಗೆ ನನ್ನನ್ನು ಕರೆದವರು ಅವರೇ. “ನೀವೂ ಬಂದು ಕೂತ್ಕೊಳಿ ಅಕ್ಕ. ಕಾಫಿ ಬಿಸ್ಕತ್ತು ಇರುತ್ತೆ. ನಾನು ಬೈಸ್ಕೊಳೋದೂ ನೋಡಬಹುದು” ಎಂದಿದ್ದರು. ಪ್ರತಿ ವರ್ಷದ ತಮಾಷೆ ಅದು. ಸಂಜೆ ಆರಕ್ಕೆ ನಿಮ್ಮ ಹಳೆಯ ಸ್ಕೂಲಿನ ಊಟದ ಹಾಲ್‌ನಲ್ಲಿ ನಾನೂ ನಿಮ್ಮಮ್ಮನೂ ಹಿಂದಿನ ಸಾಲಿನಲ್ಲಿ ಕುಳಿತೆವು. ಏನೇನೋ ಆಯಿತು. ಆಮೇಲೆ ದೀಪ ಮಂದ ಮಾಡಿ ಗೋಡೆಯ ಮೇಲೆ ಫೋಟೋ ಬಿಟ್ಟರು.

ನನ್ನ ಅನ್ನ. ಬಾಗಿಲಿನಷ್ಟು ದೊಡ್ಡದಾಗಿ. ಮೇಲೆ ಎಳ್ಳು, ಅದರ ಪಕ್ಕ ನನ್ನ ಮೂರು ಬೆರಳಿನ ಅಚ್ಚು.

ಜನ ಗುಜುಗುಜು ಮಾಡಿದರು. ಯಾರೋ ಚಪ್ಪಾಳೆ ತಟ್ಟಿದರು, ಕೆಲವರು ನಕ್ಕರು. ಆ ಯಜಮಾನ ಎದ್ದು ನಿಂತು ಏನೋ ಕೇಳಿದ. ಇದು ನಿಮ್ಮ ಗೋಡೆಯೇ, ಇದನ್ನು ನೀವೇ ಇಟ್ಟಿರಾ ಎಂದು ಕೇಳಿದನಂತೆ. ಮೇಡಮ್ ಎದ್ದು ಫೋಟೋದ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು. ತಿರುಗಿ ಸಾಲುಗಳನ್ನೆಲ್ಲ ದಾಟಿ ಹಿಂದಿನ ಸಾಲಿನವರೆಗೆ ಕಣ್ಣು ಹಾಯಿಸಿದರು. ನನ್ನ ಮುಖದ ಮೇಲೆ ಅವರ ಕಣ್ಣು ಒಂದು ಉಸಿರಿನಷ್ಟು ಹೊತ್ತು ನಿಂತಿತು.

ಆಮೇಲೆ ಅವರು ಇಂಗ್ಲಿಷಿನಲ್ಲಿ ಆಡಿದ ಮಾತು ನನಗೂ ಅರ್ಥವಾಯಿತು. ಗೋಡೆ ನನ್ನದು, ಜವಾಬ್ದಾರಿ ನನ್ನದು. ಅಷ್ಟೇ. ನಾನೇ ಇಟ್ಟೆ ಎನ್ನಲಿಲ್ಲ. ಸುಳ್ಳು ಹೇಳುವವರಲ್ಲ ಅವರು. ನನ್ನನ್ನು ತೋರಿಸಲೂ ಇಲ್ಲ.

ನಿಮ್ಮಮ್ಮ ನನ್ನ ಕಿವಿಯಲ್ಲಿ, “ನೋಡಮ್ಮ, ಊರಿಗೆಲ್ಲ ಬುದ್ಧಿ ಹೇಳ್ತಿದ್ದೋರು. ಹೀಗ್ಯಾಕ್ ಮಾಡಿದ್ರೋ” ಎಂದಳು.

“ಯಾರಿಗ್ ಗೊತ್ತು” ಎಂದೆ ನಾನು.

ಎದ್ದು ನಿಲ್ಲಬೇಕಿತ್ತು. ಕನ್ನಡದಲ್ಲಿ ಹೇಳಿದ್ದರೂ ಆಗುತ್ತಿತ್ತು, ಪಕ್ಕದಲ್ಲೇ ಮಗಳಿದ್ದಳು. ಭಾಷೆ ಬರುತ್ತಿರಲಿಲ್ಲ, ಇಷ್ಟು ಜನರ ಮುಂದೆ ನಾಚಿಕೆ ಎಂದು ಆಗ ಸಮಾಧಾನ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ಮಗಳ ಮನೆಗೆ ಕೆಟ್ಟ ಹೆಸರು ತಂದವಳು ಎನ್ನಿಸಿಕೊಳ್ಳಲು ಹೆದರಿದೆ. ಊರು ಬಿಟ್ಟು ಬಂದವಳಿಗೆ ಇದ್ದದ್ದು ಅದೊಂದೇ ಮನೆ. ಜನ ಕೈ ಎತ್ತಿದರು, ಎಣಿಸಿದರು, ಮೇಡಮ್ ಅಧ್ಯಕ್ಷೆಯಾಗಿ ಉಳಿಯಲಿಲ್ಲ. ಕಿತ್ತಳೆ ಕೋಟನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟು ಹೋದರು. ಕಾಫಿ ಕುಡಿಯಲಿಲ್ಲ.

ಮರುದಿನ ಏಳೂವರೆಗೆ ಟಿಕ್ ಟಿಕ್ ಕೇಳಲಿಲ್ಲ. ನೀವು, “ನೋ ಮೋರ್ ರೂಲ್ಸ್ ಆಂಟಿ” ಎಂದು ಕುಣಿದಿರಿ. ಗ್ಯಾರೇಜಿನ ಬಾಗಿಲು ದಿನವಿಡೀ ತೆರೆದೇ ಇತ್ತು.

ಹೇಳಿಬಿಡಬೇಕೆಂದು ಮೂರು ವಾರದ ಮೇಲೆ ಅವರ ಮನೆಗೆ ಹೋದೆ. ಗಂಟೆ ಒತ್ತಿದೆ. ಸಣ್ಣಗಾಗಿದ್ದರು. ಟೇಪು ಸೊಂಟದಲ್ಲಿರಲಿಲ್ಲ, ಕಿಟಕಿಯ ಕಟ್ಟೆಯ ಮೇಲಿತ್ತು. ಮೊದಲಿನಂತೆಯೇ ಕಾಫಿ ಮಾಡಿದರು, ಮೊದಲಿನಂತೆಯೇ ಸಕ್ಕರೆ ಕಮ್ಮಿ. ಲೋಟ ಕೈಗಿಟ್ಟು ಎದುರು ಕುಳಿತರು.

“ಈಗೆಲ್ಲ ನಮ್ ಕಡೆ ವಾಕಿಂಗ್ ಬರ್ತಿಲ್ವಲ್ಲ ಅಕ್ಕ?”

ನಾನು ಒಂದು ಗುಟುಕು ಕಾಫಿ ಕುಡಿದೆ.

“ಹನ್ನೊಂದು ಗಂಟೆಗೆ ಕಾಗೆಗಳು ಬಂದು ಗೋಡೆ ಮೇಲೆ ಸಾಲಾಗಿ ಕೂರ್ತವೆ. ನನ್ ಕಿಟಕಿ ಕಡೇನೇ ನೋಡ್ತವೆ. ನಾನೇನು ಕೊಡಲಿ ಅವಕ್ಕೆ?”

ಅವರ ದನಿಯಲ್ಲಿ ಕೊಂಕಿರಲಿಲ್ಲ. ದಾರಿ ಮಾಡಿಕೊಡುತ್ತಿದ್ದರು. ಮುಖ ನೋಡಿ ಹೇಳಿಬಿಡು ಎಂದು ಬಾಗಿಲು ತೆರೆದು ಕಾಯುತ್ತಿದ್ದರು. ಆ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಇಷ್ಟು:

“ಕಾಲು ನೋವು ಮೇಡಮ್. ಅದಕ್ಕೇ ಬರಲಿಲ್ಲ.”

ಅವರು ಎದ್ದು ಒಳಗೆ ಹೋಗಿ ಒಂದು ಕಂದು ಬಣ್ಣದ ಶೀಶೆ ತಂದರು. ಮೈಸೂರಿನಿಂದ ತಂಗಿ ಕಳಿಸಿದ ನೋವಿನ ಎಣ್ಣೆ. “ಬೆಚ್ಚಗೆ ಮಾಡಿ ಹಚ್ಕೊಳಿ. ತಿಕ್ಕಬೇಡಿ, ನಿಧಾನಕ್ಕೆ ಇಳಿಸ್ಬೇಕು” ಎಂದು ಮೊಣಕಾಲಿನಿಂದ ಕೆಳಗೆ ಕೈಯಾಡಿಸಿ ತೋರಿಸಿದರು. ಮನೆಗೆ ಬಂದು, ಸುಳ್ಳು ನಿಜವಾಗಲೆಂದೋ ಏನೋ, ನೋವಿಲ್ಲದ ಕಾಲಿಗೆ ಆ ಎಣ್ಣೆಯನ್ನು ಬಿಸಿ ಮಾಡಿ ಹಚ್ಚಿಕೊಂಡೆ.

ಇನ್ನೊಂದು ಸಲ ಹೋಗೋಣ, ಹಬ್ಬ ಕಳೆಯಲಿ, ಚಳಿ ಕಳೆಯಲಿ ಎಂದು ಮುಂದೂಡಿದೆ. ಚಳಿ ಕಳೆಯುವ ಮೊದಲೇ ಅವರು ಹೋದರು. ಎದೆಯ ಕಾಯಿಲೆ ಇತ್ತಂತೆ, ಎರಡು ವರ್ಷದಿಂದ. ಬೀದಿಯಲ್ಲಿ ಯಾರ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂದು ಪಟ್ಟಿ ಇಟ್ಟವರು ತಮ್ಮ ಹೆಸರನ್ನು ಅದರಲ್ಲಿ ಬರೆದಿರಲಿಲ್ಲ. ತಂಗಿಯ ಮಗ ಬೇರೆ ರಾಜ್ಯದಿಂದ ಬಂದು ಎಲ್ಲ ಮುಗಿಸಿ, ಮನೆ ಮಾರಾಟಕ್ಕಿಟ್ಟು ಹೋದ. ಎಡೆಗಿಡೆ ಎಂಬುದೆಲ್ಲ ಅವನಿಗೆ ಗೊತ್ತಿರಲಿಲ್ಲ. ಒಳ್ಳೆಯ ಹುಡುಗನೇ. ಬೇಕಾದ್ದು ತೆಗೆದುಕೊಳ್ಳಿ ಎಂದು ನನ್ನನ್ನು ಒಳಗೆ ಕರೆದ. ಟೇಪು ಕಿಟಕಿಯ ಕಟ್ಟೆಯ ಮೇಲೆ ಹಾಗೇ ಇತ್ತು. ಮುಟ್ಟಲು ಧೈರ್ಯ ಬರಲಿಲ್ಲ.

ಹನ್ನೊಂದನೆಯ ದಿನ ಅವರಿಗೊಂದು ಎಡೆ ಇಡಬೇಕೆನಿಸಿತು. ಎಲ್ಲಿ ಇಡುವುದು? ಈ ಬಡಾವಣೆಯಲ್ಲಿಟ್ಟರೆ ಅವರು ಬರೆದ ನಿಯಮವನ್ನು ಅವರ ಎಡೆಯಿಂದಲೇ ಮುರಿದಂತೆ. ನಿಮ್ಮಮ್ಮನ ಸ್ನೇಹಿತೆ, ನಮ್ಮ ತುಮಕೂರಿನವಳು, ಡುವಾಲ್‌ನಲ್ಲಿ ಎರಡು ಎಕರೆ ಜಾಗದಲ್ಲಿ ಮನೆ ಮಾಡಿದ್ದಾಳೆ. ಅಲ್ಲಿ ಅಸೋಸಿಯೇಷನ್ ಇಲ್ಲ. ಅವಳೇ ಹಿಂದೊಮ್ಮೆ, “ಇಲ್ಲಿ ಏನ್ ಬೇಕಾದ್ರೂ ಮಾಡಿ ಆಂಟಿ, ಕೇಳೋರಿಲ್ಲ” ಎಂದು ಹೆಮ್ಮೆಯಿಂದ ಹೇಳಿದ್ದಳು. ಗಾಳಿ ಬಂದಾಗ ಐದು ದಿನ ಕತ್ತಲಲ್ಲಿ ಕುಳಿತು ಫೋನಿನಲ್ಲಿ, “ಸತ್ತಿದೀವಾ ಬದುಕಿದೀವಾ ಅಂತ ಕೇಳೋರಿಲ್ಲ” ಎಂದು ಅತ್ತವಳೂ ಅವಳೇ.

ಮೇಡಮ್ಮಿಗೆ ಇಷ್ಟವಾದ ಹುಳಿಯನ್ನ, ಉಪ್ಪಿಟ್ಟು, ಸಕ್ಕರೆ ಕಮ್ಮಿ ಕಾಫಿ, ಎಲ್ಲ ತಟ್ಟೆಯಲ್ಲಿಟ್ಟು ಅವಳ ಬೇಲಿಯ ಅಗಲವಾದ ಕಂಬದ ಮೇಲೆ ಇಟ್ಟೆ. ನಿಮ್ಮಮ್ಮ ಪಕ್ಕದಲ್ಲಿ ನಿಂತಿದ್ದಳು. ಎದುರಿನ ಮರದಲ್ಲಿ ನಾಲ್ಕು ಕಾಗೆ ಇದ್ದವು. ಒಂದೂ ಇಳಿಯಲಿಲ್ಲ. ಕಾಲು ಗಂಟೆ ಕಳೆಯಿತು, ಅರ್ಧ ಗಂಟೆ ಕಳೆಯಿತು. ಕಾಫಿ ಆರಿತು.

“ಹೊಸ ಜಾಗ ಅಲ್ವಾಮ್ಮ, ಹೆದರ್ತವೆ. ನಡಿ ಹೋಗೋಣ, ಥಂಡಿ” ಎಂದಳು ನಿಮ್ಮಮ್ಮ.

ಯಾಕೆ ಇಳಿಯುತ್ತಿಲ್ಲ ಎಂದು ನನಗೆ ಗೊತ್ತಿತ್ತು. ಎಡೆಯ ಮುಂದೆ ನಿಂತೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು.

“ಮೇಡಮ್, ಗೋಡೆ ಮೇಲೆ ಅನ್ನ ಇಟ್ಟೋಳು ನಾನು. ನಿಮಗೆ ಮಾತು ಕೊಟ್ಟು ತಪ್ಪಿದೋಳು ನಾನು. ಮೀಟಿಂಗಲ್ಲಿ ಬಾಯಿ ಮುಚ್ಕೊಂಡು ಕೂತೆ. ಮುಂದಿನ ಮೀಟಿಂಗಲ್ಲಿ ಎಲ್ಲರ ಮುಂದೆ ಹೇಳ್ತೀನಿ.”

ನಿಮ್ಮಮ್ಮ ನನ್ನ ಕಡೆ ತಿರುಗಿ, “ಅಮ್ಮ, ನೀನಾ?” ಎಂದಳು.

“ನಾನೇ.”

“ಯಾರಿಗ್ ಗೊತ್ತು ಅಂದ್ಯಲ್ಲಮ್ಮ ಅವತ್ತು.”

ನಾನು ಎಡೆಗೆ ಕೈ ಮುಗಿದೆ.

ಕಾಗೆ ಆಗಲೂ ಇಳಿಯಲಿಲ್ಲ. ನಾವು ಕಾರಿನವರೆಗೆ ನಡೆದು ಬಂದೆವು. ತಿರುಗಿ ನೋಡಬಾರದೆಂದು ಪದ್ಧತಿ, ನೋಡಲಿಲ್ಲ. ಮುಟ್ಟಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಸಂಜೆ ಆ ಸ್ನೇಹಿತೆ ಫೋನ್ ಮಾಡಿ ತಟ್ಟೆ ಖಾಲಿಯಾಗಿದೆ ಎಂದಳು. ಅವಳ ಮನೆಯಲ್ಲಿ ಎರಡು ನಾಯಿ ಇವೆ.

ಮುಂದಿನ ಸಭೆಗೆ ಎಂಟು ತಿಂಗಳಿತ್ತು. ಆ ಎಂಟು ತಿಂಗಳಲ್ಲಿ ನನ್ನ ಮಾತನ್ನು ಎಷ್ಟು ಸಲ ಕಾಗದದ ಮೇಲೆ ಬರೆದು ಹರಿದೆನೋ. ಅದೇ ಊಟದ ಹಾಲ್, ಅದೇ ಹಿಂದಿನ ಸಾಲು. ಸರದಿ ಬಂದಾಗ ಎದ್ದು ನಿಂತೆ. ಕಾಗದವನ್ನು ಮಡಿಸಿ ಕೈಯಲ್ಲಿ ಹಿಡಿದು ಕನ್ನಡದಲ್ಲೇ ಹೇಳಿದೆ. ಹೋದ ಸಲ ತೋರಿಸಿದ ಅನ್ನ ನನ್ನದು. ಅವರು ನನಗೆ ಬೇಡ ಎಂದು ಹೇಳಿದ್ದರು, ನಾನು ಕೇಳಲಿಲ್ಲ. ಅವರದ್ದು ತಪ್ಪಿಲ್ಲ. ನಿಮ್ಮಮ್ಮ ಒಂದೊಂದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಿದಳು. ಕೊನೆಯ ಮಾತನ್ನು ಎರಡು ಸಲ ಹೇಳಿದಳು.

ನಾನು ಬೈಗುಳಕ್ಕೆ ತಯಾರಾಗಿದ್ದೆ. ಯಾರೂ ಬೈಯಲಿಲ್ಲ. ಹೊಸ ಅಧ್ಯಕ್ಷರು ಥ್ಯಾಂಕ್ಯೂ ಎಂದು ಏನೋ ಬರೆದುಕೊಂಡರು. ಇಲಿ ಸೇರಿದ್ದ ಮನೆಯ ಯಜಮಾನ ನೆಲ ನೋಡುತ್ತಿದ್ದ. ಎರಡು ಮೂರು ಜನ ತಿರುಗಿ ನನ್ನ ಸೀರೆ ನೋಡಿದರು. ಆಮೇಲೆ ಅಂಚೆಪೆಟ್ಟಿಗೆಗೆ ಯಾವ ಬಣ್ಣ ಎಂಬ ವಿಷಯ ಶುರುವಾಯಿತು, ಅದು ಒಂದು ಗಂಟೆ ನಡೆಯಿತು. ಒಂದು ವರ್ಷ ನನ್ನ ಎದೆಯ ಮೇಲೆ ಕುಳಿತಿದ್ದದ್ದಕ್ಕೆ ಅಲ್ಲಿ ಐದು ನಿಮಿಷವೂ ಹಿಡಿಯಲಿಲ್ಲ. ಅವರು ಬದುಕಿದ್ದಾಗ ಆ ಐದು ನಿಮಿಷ ನನ್ನಲ್ಲಿ ಇರಲಿಲ್ಲವೇ ಎಂಬುದೊಂದೇ ಈಗ ಉಳಿದಿರುವ ಪ್ರಶ್ನೆ.

ಈಗ ಬೆಳಿಗ್ಗೆ ಕಸದ ಡಬ್ಬಿ ಒಳಗೆಳೆಯುವವಳು ನಾನೇ. ದಿನದ ಉಂಡೆಯನ್ನು ಬಿಟ್ಟಿದ್ದೇನೆ. ನಿಮ್ಮ ತಾತನಿಗೆ ವರ್ಷಕ್ಕೊಂದು, ಮೇಡಮ್ಮಿಗೊಂದು, ಎರಡೂ ಡುವಾಲ್‌ನ ಕಂಬದ ಮೇಲೆ. ನಿಮ್ಮ ತಾತ ಹೊಂದಿಕೊಳ್ಳುತ್ತಾರೆ, ಬದುಕಿದ್ದಾಗಲೂ ಹೊಂದಿಕೊಳ್ಳುತ್ತಿದ್ದರು. ಮೇಡಮ್ಮಿನ ಹಿತ್ತಿಲಿನ ಮಲ್ಲಿಗೆ ಬಳ್ಳಿಯಿಂದ ಒಂದು ರೆಂಬೆ ತಂದು ನೆಟ್ಟಿದ್ದೆ, ಈ ವರ್ಷ ಹೂ ಬಿಟ್ಟಿದೆ. ಮುಡಿಯುತ್ತೇನೆ.

ನನ್ನ ಕೋಣೆಯ ಕಪಾಟಿನಲ್ಲಿ ಒಂದು ಕಂದು ಶೀಶೆ ಇದೆ, ಅರ್ಧ ಎಣ್ಣೆ ಉಳಿದಿದೆ. ಹೋದ ಚಳಿಗಾಲದಿಂದ ನನಗೆ ನಿಜವಾಗಿಯೂ ಕಾಲು ನೋವು. ಮೆಟ್ಟಿಲು ಹತ್ತುವಾಗ ನಾನು ನಿಲ್ಲುವುದನ್ನು ನೀವೂ ನೋಡಿದ್ದೀರಿ. ಅಂಗಡಿಯಿಂದ ನಿಮ್ಮಮ್ಮ ಮುಲಾಮು ತಂದುಕೊಟ್ಟಿದ್ದಾಳೆ, ಅದನ್ನು ಹಚ್ಚುತ್ತೇನೆ. ಆ ಎಣ್ಣೆಯನ್ನು ಹಚ್ಚುವುದಿಲ್ಲ. ಅದು ಇಲ್ಲದ ನೋವಿಗೆ ಅವರು ಕೊಟ್ಟದ್ದು.